ಕಡಲಿಗೆ ಬಿಟ್ಟದ್ದು ವ್ಯರ್ಥವಲ್ಲ

ಕರಾವಳಿ ನೋಡಲು ಜನ ಬರುವುದು ಮಳೆ ನಿಂತ ಮೇಲೆ, ಕಡಲು ತಣಿದು ಮರಳ ದಂಡೆಯಲ್ಲಿ ಚುರುಮುರಿ ಗಾಡಿಗಳು ಸಾಲುಗಟ್ಟಿದ ಮೇಲೆ. ಮೀನಿನ ಊರುಗಳನ್ನು ಮಾತಾಡಿಸಬೇಕೆಂದರೆ ಮಾತ್ರ ಆಷಾಢದಲ್ಲೇ ಹೋಗಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಬೋಟು ನಡೆಸುವ ತಾಂಡೇಲರಿಗೆ ಪುರುಸೊತ್ತು, ಮೀನು ಮಾರುವ ಹೆಂಗಸರ ಬುಟ್ಟಿ ಹಗುರ, ಅಟ್ಟದ ಮೇಲಿನ ಒಣಮೀನಿನ ಡಬ್ಬಿ ಅಡುಗೆಮನೆಗೆ ಇಳಿಯುವ ಕಾಲ. ಅಂಥದೊಂದು ಜುಲೈನಲ್ಲಿ ಮಲ್ಪೆಯಿಂದ ಬಡಗಣ ದಿಕ್ಕಿಗೆ ಹೊರಟೆ. ಮುಟ್ಟಬೇಕಾದ ಊರು ತದಡಿ. ಅಘನಾಶಿನಿ ನದಿ ಕಡಲು ಸೇರುವ ಜಾಗ.

ಜುಲೈ ತಿಂಗಳ ಮಲ್ಪೆ ಬಂದರಿನಲ್ಲಿ ನೀರೇ ಕಾಣುವುದಿಲ್ಲ. ಟ್ರಾಲ್ ಬೋಟುಗಳು, ಪರ್ಸೀನ್ ಬೋಟುಗಳು ಟಾರ್ಪಾಲು ಹೊದ್ದು ಮೈಗೆ ಮೈ ತಾಗಿಸಿ ನಿಂತಿದ್ದವು. ಹೊರರಾಜ್ಯದ ಕೆಲಸಗಾರರು ಊರಿಗೆ ಹೋಗಿದ್ದರು. ಹರಾಜು ನಡೆಯುವ ಕಟ್ಟೆಯ ಮೇಲೆ ನಾಯಿಗಳು ಮಲಗಿದ್ದವು. ಒಂದು ಶೆಡ್ಡಿನ ಕೆಳಗೆ ಮಾತ್ರ ನಾಲ್ಕೈದು ಮಂದಿ ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದರು. ರಜೆ ಹೇಗಿದೆ ಎಂದು ಕೇಳಿದ್ದಕ್ಕೆ ಅವರಲ್ಲಿ ಹಿರಿಯರೊಬ್ಬರು ತಲೆಯೆತ್ತದೆ ಹೇಳಿದರು: "ರಜೆ ನಮಗೆ. ಬ್ಯಾಂಕಿನವರಿಗೆ ರಜೆ ಇಲ್ಲ."

ಮುಂಗಾರಿನಲ್ಲಿ ಬಲೆ ಎತ್ತಿಡುವುದಕ್ಕೆ ಅಲೆಗಳ ಭಯವೊಂದೇ ಕಾರಣವಲ್ಲ. ಈ ತಿಂಗಳುಗಳಲ್ಲಿ ಗಾಳಿಯ ಒತ್ತಡಕ್ಕೆ ದಡದ ಬಳಿಯ ಮೇಲ್ನೀರು ಹೊರಕ್ಕೆ ಸರಿಯುತ್ತದೆ. ಅದರ ಜಾಗಕ್ಕೆ ತಳದಿಂದ ತಣ್ಣನೆಯ, ಸತ್ವ ತುಂಬಿದ ನೀರು ಏಳುತ್ತದೆ. ಅದಕ್ಕೆ ಬೆಳಕು ತಾಗಿದೊಡನೆ ಬರಿಗಣ್ಣಿಗೆ ಕಾಣದ ಸಸ್ಯಗಳು ಕೋಟಿಗಟ್ಟಲೆ ಹುಟ್ಟುತ್ತವೆ. ಬೂತಾಯಿ ಮೀನು ಮೊಟ್ಟೆಯಿಡುವುದು ಆ ಹೊತ್ತಿಗೆ. ಮರಿಗೆ ಕಣ್ಣು ಬಿಟ್ಟ ಕಡೆಯೆಲ್ಲ ಊಟ. ಬೂತಾಯಿಯ ಆಯುಸ್ಸು ಹೆಚ್ಚೆಂದರೆ ಎರಡೂವರೆ ವರ್ಷ. ಹುಟ್ಟಿದ ಒಂದು ವರ್ಷದೊಳಗೇ ಅದು ಮೊಟ್ಟೆಯಿಡಲು ಸಿದ್ಧ. ಇಷ್ಟು ಬೇಗ ಬೆಳೆದು ಇಷ್ಟು ಬೇಗ ಸಾಯುವ ಮೀನಿಗೆ ಒಂದು ಮಳೆಗಾಲ ತಪ್ಪಿತೆಂದರೆ ಮುಂದಿನ ವರ್ಷದ ಬಲೆ ಬರಿದಾಗುತ್ತದೆ. ಹಿಂದೆ 47 ದಿನಗಳಿದ್ದ ನಿಷೇಧವನ್ನು 2015ರಿಂದ 61 ದಿನಗಳಿಗೆ ಹೆಚ್ಚಿಸಿದ್ದರ ಹಿಂದೆ ಇರುವುದು ಈ ಲೆಕ್ಕ.

ಲೆಕ್ಕ ತಪ್ಪಿದರೆ ಏನಾಗುತ್ತದೆಂದು ನೆರೆಯ ಕೇರಳ ನೋಡಿದೆ. ಅಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ದಡ ಸೇರಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಕುಸಿತವನ್ನು ಬಲೆಯ ತಲೆಗಷ್ಟೇ ಕಟ್ಟಲಿಲ್ಲ. ಎಲ್ ನಿನೋ ವರ್ಷಗಳಲ್ಲಿ ಕಡಲು ಬಿಸಿಯಾದದ್ದು, ಮೇವು ಕಡಿಮೆಯಾದದ್ದು ಎಲ್ಲವನ್ನೂ ಎಣಿಸಿದರು. ಆದರೆ ಕಡಲು ಕಷ್ಟದಲ್ಲಿದ್ದಾಗಲೂ ಹಿಡಿಯುವ ಕೈ ಸಡಿಲಾಗಲಿಲ್ಲ ಎಂಬುದು ಸುಳ್ಳಲ್ಲ. ಮುಂದೆ ಮೀನು ಮರಳಿತು, ಹೌದು. ಮರಳಲು ಒಂದಿಷ್ಟು ತಾಯಿಮೀನು ಉಳಿದಿತ್ತು, ಅಷ್ಟೇ.

ಬಲೆ ಹೆಣೆಯುತ್ತಿದ್ದ ಹಿರಿಯರು ಟ್ರಾಲ್ ಬಲೆಯ ಬಾಲವನ್ನು ಎಳೆದು ತೋರಿಸಿದರು. ಮೀನು ಕೊನೆಗೆ ಬಂದು ಸೇರುವ ಚೀಲ ಅದು. ಕಣ್ಣುಗಳು ವಜ್ರದಾಕಾರ. ಸುಮ್ಮನೆ ಹರವಿದಾಗ ಬೆರಳು ತೂರುತ್ತದೆ. ಎರಡೂ ಕಡೆ ಹಿಡಿದು ಜಗ್ಗಿದರೆ ಕಣ್ಣು ಮುಚ್ಚಿಕೊಳ್ಳುತ್ತದೆ. ಕಡಲ ತಳದಲ್ಲಿ ಗಂಟೆಗಟ್ಟಲೆ ಎಳೆಯುವಾಗ ಆಗುವುದೂ ಇದೇ. ಒಳಗೆ ಬಂದ ಮರಿಗೆ ಹೊರದಾರಿ ಇಲ್ಲ. ಚೌಕಾಕಾರದ ಕಣ್ಣಿನ ಚೀಲವಾದರೆ ಎಳೆದಾಗಲೂ ತೆರೆದೇ ಇರುತ್ತದೆ, ಸಣ್ಣ ಮೀನು ತೂರಿಕೊಂಡು ಪಾರಾಗುತ್ತದೆ. ಕೊಚ್ಚಿಯಲ್ಲಿರುವ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಬಹುಕಾಲದಿಂದ ಇದನ್ನೇ ಹೇಳುತ್ತ ಬಂದಿದೆ. "ಹಾಕಬಹುದು" ಎಂದರು ಅವರು. "ನಾನು ಹಾಕಿ ಬಿಟ್ಟ ಮರಿಯನ್ನು ಪಕ್ಕದ ಬೋಟಿನವ ಹಿಡಿದರೆ?"

ಕಡಲಿನ ಕಷ್ಟವೆಲ್ಲ ಆ ಒಂದು ಪ್ರಶ್ನೆಯಲ್ಲಿದೆ. ಗದ್ದೆಗೆ ಬೇಲಿ ಉಂಟು, ಕಡಲಿಗೆ ಇಲ್ಲ. ಬಿಟ್ಟವನಿಗೆ ನಷ್ಟ, ಹಿಡಿದವನಿಗೆ ಲಾಭ ಎಂಬ ಸ್ಥಿತಿಯಿರುವಷ್ಟು ದಿನ ಯಾರೂ ಬಿಡುವುದಿಲ್ಲ. ಹಿಡಿದ ಮರಿಗೂ ಗಿರಾಕಿಯಿದ್ದಾನೆ. ಮನುಷ್ಯರು ತಿನ್ನದ ಸಣ್ಣ ಮೀನು, ಹೆಸರಿಲ್ಲದ ಮೀನು ಎಲ್ಲ ರಾಶಿಯಾಗಿ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ಒಣಗಿ ಪುಡಿಯಾಗಿ ಸಾಕಿದ ಸಿಗಡಿಗೆ, ಕೋಳಿಗೆ ಆಹಾರವಾಗುತ್ತದೆ. ಒಂದು ಕಿಲೋ ಪುಡಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಅದರಲ್ಲಿ ಬೆಳೆದಿದ್ದರೆ ಬಂಗುಡೆಯಾಗುತ್ತಿದ್ದದ್ದು, ಅಂಜಲ್ ಆಗುತ್ತಿದ್ದದ್ದು ಎಷ್ಟೋ. ಬಿತ್ತನೆಯ ಭತ್ತವನ್ನೇ ಕುಟ್ಟಿ ಉಂಡಂತೆ.

ಮಲ್ಪೆ ಬಿಟ್ಟು ಹೆದ್ದಾರಿ 66ರಲ್ಲಿ ಕುಂದಾಪುರ ದಾಟಿದರೆ ಗಂಗೊಳ್ಳಿ, ಮರವಂತೆ, ಉಪ್ಪುಂದ. ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ. ಆ ದಿನ ಎರಡೂ ಒಂದೇ ಬಣ್ಣದಲ್ಲಿದ್ದವು, ಕೆಂಪು ಬೆರೆತ ಬೂದು. ನಿಷೇಧದ ಕಾಲದಲ್ಲೂ ಇಲ್ಲಿಯ ನಾಡದೋಣಿಗಳಿಗೆ ಅಡ್ಡಿಯಿಲ್ಲ. 10 ಅಶ್ವಶಕ್ತಿಯೊಳಗಿನ ಎಂಜಿನ್ನಿನ ದೋಣಿಗಳು ಹೋಗಬಹುದು. ಆದರೆ ಅವು ದಡದ ತೆಂಗಿನ ಬುಡದಲ್ಲಿ ನಿಂತಿದ್ದವು. ತೂಫಾನ್ ಆಗಬೇಕು, ಕಡಲು ಒಮ್ಮೆ ಬುಡಮೇಲಾಗಿ ತಣಿಯಬೇಕು, ಆಗ ಸಿಗಡಿ ದಡಕ್ಕೆ ಬರುತ್ತದೆ ಎಂದು ಎಲ್ಲರೂ ಕಾಯುತ್ತಿದ್ದರು. ಕಾಯುವುದೇ ಇವರ ಕಸುಬಿನ ಅರ್ಧ ಭಾಗ.

ಆ ಕಾಯುವಿಕೆಯ ಅತಿ ದೊಡ್ಡ ರೂಪವೆಂದರೆ ರಂಪಣಿ. ಗಂಗೊಳ್ಳಿಯಲ್ಲಿ ಒಂದು ಮನೆಯ ಜಗಲಿಯ ಮೇಲೆ ಕೂತು, ಅದನ್ನು ಎಳೆದ ಕೈಗಳ ಅಜ್ಜನೊಬ್ಬರಿಂದ ಕೇಳಿದೆ. ಕಿಲೋಮೀಟರಿಗೂ ಮಿಕ್ಕಿ ಉದ್ದದ ಬಲೆ. ಒಬ್ಬರದ್ದಲ್ಲ, ಪಾಲುದಾರರ ಮನೆಮನೆಯಿಂದ ಬಂದ ತುಂಡುಗಳನ್ನು ಜೋಡಿಸಿದ್ದು. ಎತ್ತರದಲ್ಲಿ ನಿಂತವನೊಬ್ಬ ನೀರಿನ ಬಣ್ಣ ನೋಡುತ್ತಿರುತ್ತಾನೆ. ಬೂತಾಯಿಯ, ಬಂಗುಡೆಯ ಹಿಂಡು ದಡದ ಹತ್ತಿರ ಬಂದಾಗ ನೀರು ಕಪ್ಪಾಗುತ್ತದೆ. ಕೂಗು ಹಾಕಿದೊಡನೆ ದೋಣಿ ಹಿಂಡನ್ನು ಬಳಸಿ ಬಲೆ ಬಿಡುತ್ತದೆ. ಊರಿಗೆ ಊರೇ ಮರಳಿನ ಮೇಲೆ ನಿಂತು ಎಳೆಯುತ್ತದೆ. ಪಾಲು ಹಂಚುವಾಗ ಬಲೆಯ ತುಂಡು ಕೊಟ್ಟವನಿಗೂ ಪಾಲು, ಎಳೆದವನಿಗೂ ಪಾಲು. "ಮೀನ್ ಬಂದ್ರೆ ಊರಿಗೆಲ್ಲ ಬತ್ತಿತ್ತ್. ಈಗ ಬೋಟಿದ್ದವ್ನಿಗೆ ಮಾತ್ರ ಬತ್ತ್" ಎಂದರು ಅಜ್ಜ.

1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬಲೆ ಬಂತು. ಹಿಂಡು ದಡಕ್ಕೆ ಬರಲೆಂದು ಕಾಯಬೇಕಾಗಿಲ್ಲ, ಅದಿರುವಲ್ಲಿಗೇ ಹೋಗಿ ಸುತ್ತುವರಿದು ಬಲೆಯ ತಳವನ್ನು ಚೀಲದ ಬಾಯಿಯಂತೆ ಬಿಗಿದರಾಯಿತು. ಕೆಲವೇ ವರ್ಷಗಳಲ್ಲಿ ರಂಪಣಿಗೆ ಮೀನು ಬರುವುದು ನಿಂತಿತು, ಬಲೆಯ ತುಂಡುಗಳು ಅಟ್ಟ ಸೇರಿದವು. ಈಗ ಉಳಿದಿರುವುದು ಅದರ ಮರಿ, ಕೈರಂಪಣಿ. ರಂಪಣಿಯ ಕಾಲವನ್ನು ಹೊಗಳಿ ಹಾಡಲು ನನಗಿಷ್ಟವಿಲ್ಲ. ಆಗಲೂ ಬಡತನವಿತ್ತು, ಮೀನು ಬಾರದ ವರ್ಷಗಳಲ್ಲಿ ಉಪವಾಸವೂ ಇತ್ತು. ಆದರೆ ಒಂದು ಮಾತು ನಿಜ. ಆ ಬಲೆಯ ಮಿತಿ ಬಲೆಯಲ್ಲೇ ಇತ್ತು. ದಡಕ್ಕೆ ಬಾರದ ಮೀನು ಬದುಕಿಕೊಳ್ಳುತ್ತಿತ್ತು. ಯಾವ ಸರ್ಕಾರವೂ ಆದೇಶ ಹೊರಡಿಸದೆ, ಕಡಲಿನ ಬಹುಪಾಲು ರಕ್ಷಿತ ಪ್ರದೇಶವಾಗಿತ್ತು.

ಆ ಮಿತಿ ಕಳಚಿ ಬಿದ್ದ ಮೇಲೆ ಕಾನೂನು ಬರೆಯಬೇಕಾಯಿತು. 1986ರ ಕರ್ನಾಟಕ ಸಾಗರ ಮೀನುಗಾರಿಕಾ ನಿಯಂತ್ರಣ ಕಾಯ್ದೆ ಬಂತು. ರಾತ್ರಿ ಎಲ್‌ಇಡಿ ದೀಪಗಳ ಪ್ರಖರ ಬೆಳಕು ಚೆಲ್ಲಿ ಬೊಂಡಾಸ್, ಬಂಗುಡೆಗಳನ್ನು ಒಂದೆಡೆ ಸೆಳೆದು ಹಿಡಿಯುವ ಬೆಳಕು ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ಎರಡು ಬೋಟುಗಳು ಒಂದೇ ಬಲೆಯನ್ನು ಜಗ್ಗುವ ಬುಲ್ ಟ್ರಾಲಿಂಗಿಗೂ ತಡೆಯುಂಟು. ಆದೇಶಗಳು ಕಡತದಲ್ಲಿವೆ. ನಾಡದೋಣಿಯವರು ಆಮೇಲೂ ವರ್ಷ ವರ್ಷ ಮನವಿ ಹಿಡಿದು ಬೀದಿಗಿಳಿಯುತ್ತಿರುವುದು, ದೀಪಗಳು ಇನ್ನೂ ಆರಿಲ್ಲ ಎಂಬುದಕ್ಕೆ ಸಾಕ್ಷಿ. ರಾಜ್ಯದ ಅಧಿಕಾರ ದಡದಿಂದ 12 ನಾಟಿಕಲ್ ಮೈಲಿಗೆ ಮುಗಿಯುತ್ತದೆ. ಮೀನಿಗೆ ಆ ಗೆರೆ ಗೊತ್ತಿಲ್ಲ. ಬೋಟಿನವನಿಗೆ ಚೆನ್ನಾಗಿ ಗೊತ್ತು.

ಶಿರೂರು ದಾಟಿ ಉತ್ತರ ಕನ್ನಡಕ್ಕೆ ಬಂದಾಗ ಮಳೆ ಬಿರುಸಾಯಿತು. ಮುರುಡೇಶ್ವರದಿಂದ ಸುಮಾರು 10 ನಾಟಿಕಲ್ ಮೈಲಿ ದೂರದ ನೇತ್ರಾಣಿ ನಡುಗಡ್ಡೆ ಮೋಡದೊಳಗೆ ಮಾಯವಾಗಿತ್ತು. ಅದರ ಸುತ್ತಣ ಹವಳಗಳನ್ನು ನೋಡಲು ಮುಳುಗುಗಾರರು ಬರುವುದು ಮಳೆ ಮುಗಿದ ಮೇಲೆ. ನಿಲ್ಲದೆ ಹೊನ್ನಾವರಕ್ಕೆ ಬಂದೆ.

ಶರಾವತಿ ಸೇತುವೆಯ ಮೇಲೆ ನಿಂತರೆ ಪಶ್ಚಿಮಕ್ಕೆ ಅಳಿವೆ ಕಾಣುತ್ತದೆ. ಅದರ ತೆಂಕಣ ದಂಡೆ ಕಾಸರಕೋಡು. ಅಲ್ಲಿಯ ಮರಳಿನಲ್ಲಿ ಆಲಿವ್ ರಿಡ್ಲೆ ಆಮೆಗಳು ಬಂದು ಮೊಟ್ಟೆಯಿಡುತ್ತವೆ. ಮೀನುಗಾರರೂ ಅರಣ್ಯ ಇಲಾಖೆಯವರೂ ಸೇರಿ ಗೂಡಿಗೆ ಬೇಲಿ ಕಟ್ಟಿ, ಮರಿ ಕಡಲು ಸೇರುವವರೆಗೆ ಕಾಯುತ್ತಾರೆ. ಇದೇ ತೀರದ ಅಪ್ಸರಕೊಂಡ-ಮುಗಳಿಯನ್ನು ರಾಜ್ಯದ ಮೊದಲ ಕಡಲ ವನ್ಯಜೀವಿ ಧಾಮವಾಗಿ ಗುರುತಿಸಲಾಗಿದೆ. ಸಂತೋಷದ ಸಂಗತಿ. ಆದರೆ ಇಲ್ಲಿ ನಾನು ನೋಡಬೇಕೆಂದುಕೊಂಡಿದ್ದು ಆಮೆಯನ್ನಲ್ಲ, ನೀರನ್ನು.

ಶರಾವತಿಗೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟು ಬಂತು, ಮುಂದೆ ಗೇರುಸೊಪ್ಪೆಯಲ್ಲಿ ಇನ್ನೊಂದು. ನಾಡಿಗೆ ಬೆಳಕು ಕೊಟ್ಟ ನದಿ ಅದು. ವಿದ್ಯುತ್ತಿಗಾಗಿ ನೀರನ್ನು ಬೇಸಿಗೆಯಲ್ಲೂ ಬಿಡುತ್ತಲೇ ಇರಬೇಕು. ಪರಿಣಾಮವಾಗಿ ಅಳಿವೆಯ ನೀರು, ಉಪ್ಪಾಗಬೇಕಾದ ತಿಂಗಳುಗಳಲ್ಲೂ ಸಾಕಷ್ಟು ಉಪ್ಪಾಗುವುದಿಲ್ಲ. ಅಳಿವೆಯ ಜೀವಿಗಳ ಪಂಚಾಂಗವೇ ಉಪ್ಪು: ಮಳೆಗಾಲದಲ್ಲಿ ಸಪ್ಪೆ, ಚಳಿಗಾಲದಲ್ಲಿ ಎರಡರ ನಡುವೆ, ಬೇಸಿಗೆಯಲ್ಲಿ ಕಡಲಿನಷ್ಟೇ ಉಪ್ಪು. ಆ ಪಂಚಾಂಗ ಕೆಟ್ಟಾಗ ಉಪ್ಪು ಬೇಡುವ ಚಿಪ್ಪುಮೀನುಗಳು ಇಲ್ಲಿಂದ ಬಹುಮಟ್ಟಿಗೆ ಕಾಣೆಯಾದವು ಎಂದು ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ಬಳಗದ ಅಧ್ಯಯನಗಳು ತೋರಿಸಿವೆ. ಹೋಲಿಸಿ ನೋಡಲು ಅವರು ದೂರ ಹೋಗಬೇಕಾಗಲಿಲ್ಲ. ಪಕ್ಕದ ತಾಲ್ಲೂಕಿನಲ್ಲೇ, ಅದೇ ಮಳೆಗೆ, ಅದೇ ಘಟ್ಟದಿಂದ ಇಳಿಯುವ, ಅಣೆಕಟ್ಟೇ ಇಲ್ಲದ ನದಿಯೊಂದಿತ್ತು.

ಅಘನಾಶಿನಿ ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುತ್ತದೆ. ದಾರಿಯಲ್ಲಿ ಅದನ್ನು ತಡೆಯುವ ಒಂದು ಅಣೆಕಟ್ಟೂ ಇಲ್ಲ. ಹೆಗಡೆ, ಮಾಸೂರು, ಮಾಣಿಕಟ್ಟಾ ಕಡೆಯ ಏರಿಗಳ ಮೇಲೆ ನಡೆದಾಗ ಗಜನಿಗಳು ಹಸಿರಾಗಿದ್ದವು. ಗಜನಿ ಎಂದರೆ ಉಬ್ಬರವಿಳಿತ ತಾಗುವ ಹಿನ್ನೀರಿನ ಗದ್ದೆ. ಮಳೆ ಉಪ್ಪನ್ನು ತೊಳೆದ ಮೇಲೆ ಇಲ್ಲಿ ಕಗ್ಗ ಭತ್ತ ಬಿತ್ತುತ್ತಾರೆ. ಗೊಬ್ಬರ ಬೇಡ, ಔಷಧಿ ಬೇಡ. ಉಪ್ಪಿಗೂ ಜಗ್ಗದ, ನೆರೆಗೂ ಕೊಳೆಯದ ತಳಿ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ತೆಗೆದುಕೊಂಡು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ಏರಿಯ ತೂಬಿನ ಬಾಗಿಲಾದ ಜಂತ್ರಡಿ ತೆರೆದರೆ ಉಬ್ಬರದೊಂದಿಗೆ ಮೀನು, ಸಿಗಡಿ ಒಳಗೆ ಬಂದು ಆ ಹುಲ್ಲು ಕೊಳೆತ ಜಾಗದಲ್ಲಿ ಮೇಯುತ್ತವೆ. ಒಂದೇ ಗದ್ದೆಯಲ್ಲಿ ಅನ್ನ, ಅದೇ ಗದ್ದೆಯಲ್ಲಿ ಸಾರು. ಈಗ ಏರಿ ಒಡೆದು ಕಗ್ಗ ಬಿಟ್ಟ ಗಜನಿಗಳೂ ಕಡಿಮೆಯಿಲ್ಲ. ಅಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ತಾವಾಗಿಯೇ ಎದ್ದಿವೆ, ಅವುಗಳ ಬೇರುಗಳ ನಡುವೆ ಮೀನಿನ ಮರಿಗಳು.

ಮಳೆಗಾಲದ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಮೀನು ಆಯುವವರು ಕಾಣಲಿಲ್ಲ. ಅದನ್ನು ಹಿಂದೊಂದು ಡಿಸೆಂಬರ್‌ನಲ್ಲಿ ನೋಡಿದ್ದೆ. ಇಳಿತಕ್ಕೆ ನೀರು ಸರಿದು ಮರಳ ದಿಬ್ಬಗಳು ಮೇಲೆದ್ದಾಗ ಗಂಡಸರು, ಹೆಂಗಸರು ದೋಣಿಗಳಲ್ಲಿ ಬಂದು ಸೊಂಟದವರೆಗಿನ ನೀರಿನಲ್ಲಿ ನಿಂತು ಕೈಯಿಂದಲೇ ತಳವನ್ನು ತಡಕುತ್ತಿದ್ದರು. ಬುಟ್ಟಿ ಅಲುಗಿಸಿದಾಗ ಸಣ್ಣವು ಕೆಳಗೆ ಬೀಳುತ್ತಿದ್ದವು. ಪುಣ್ಯಕ್ಕಾಗಿ ಬಿಡುತ್ತೀರಾ ಎಂದು ಕೇಳಿದಾಗ ಒಬ್ಬಾಕೆ ನಕ್ಕಳು: "ಅದ್ರಲ್ಲಿ ಮಾಂಸ ಎಲ್ಲದೆ? ಹೊರೋದೇ ಭಾರ." ನೀರು ಏರತೊಡಗಿದಂತೆ ಎಲ್ಲರೂ ದೋಣಿ ಹತ್ತಿದರು. ಉಬ್ಬರ ಕೊಟ್ಟಷ್ಟೇ ಹೊತ್ತು, ಕೈಗೆ ಸಿಕ್ಕಷ್ಟೇ ಮಾಲು.

ಆಕೆಯ ಉತ್ತರ ನನಗೆ ದೊಡ್ಡ ಪಾಠವಾಯಿತು. ಮಿತಿಯೆಂಬುದು ಸಾಧುಗುಣದಿಂದ ಹುಟ್ಟಬೇಕೆಂದಿಲ್ಲ. ಸಣ್ಣದಕ್ಕೆ ಬೆಲೆಯಿಲ್ಲದಿದ್ದರೆ ಸಣ್ಣದು ಉಳಿಯುತ್ತದೆ. ಮಲ್ಪೆಯಲ್ಲಿ ಮರಿಮೀನಿಗೆ ಬೆಲೆಯಿದೆ, ಅದಕ್ಕೇ ಉಳಿಯುವುದಿಲ್ಲ. ಈ ಅಳಿವೆಯಲ್ಲೂ ಕಾರ್ಖಾನೆಗಳಿಗೆಂದು ಚಿಪ್ಪು ತೋಡುವುದು, ಮರಳು ತೆಗೆಯುವುದು ಶುರುವಾದಾಗಲೆಲ್ಲ ಬಳಚಿನ ಹಾಸಿಗೆಯೇ ಅಲುಗಾಡಿದೆ. ಕೈ ಆಯ್ದು ಬಿಡುತ್ತದೆ. ಯಂತ್ರಕ್ಕೆ ಆಯ್ಕೆ ಗೊತ್ತಿಲ್ಲ.

ತದಡಿಗೆ ದೋಣಿಯಲ್ಲಿ ದಾಟುವಾಗ ಮೀನಿನ ಬಂದರು, ಅದರ ಹಿಂದೆ ವಿಶಾಲವಾದ ಖಾಲಿ ನೆಲ ಕಂಡಿತು. ತದಡಿಯಲ್ಲಿ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರಲಿತ್ತು. ಅಳಿವೆಯ ಜನ ವಿರೋಧಿಸಿದರು, ವಿಜ್ಞಾನಿಗಳು ಅಳಿವೆಯ ಮೀನು, ಬಳಚು, ಕಗ್ಗ, ಕಾಂಡ್ಲಾ ಎಲ್ಲಕ್ಕೂ ಲೆಕ್ಕ ಕಟ್ಟಿ ತೋರಿಸಿದರು, ಯೋಜನೆ ಕೈಬಿಟ್ಟುಹೋಯಿತು. 2024ರ ಜನವರಿ ಕೊನೆಯಲ್ಲಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಸ್ಥಾವರ ಬಂದಿದ್ದರೆ ಪಟ್ಟಿಗೆ ಸೇರಿಸಲು ಏನಿರುತ್ತಿತ್ತೋ.

ಆದರೂ ಅಘನಾಶಿನಿಯ ನೀರನ್ನು ಪೂರ್ವಕ್ಕೆ ತಿರುಗಿಸುವ ಪ್ರಸ್ತಾಪ ಮತ್ತೆ ಮತ್ತೆ ತಲೆಯೆತ್ತುತ್ತದೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ, ಅದನ್ನು ತಮಾಷೆ ಮಾಡುವ ಹಕ್ಕು ಕರಾವಳಿಯ ಯಾರಿಗೂ ಇಲ್ಲ. ಆದರೆ ವಾದದ ಜೊತೆಗೆ ಬರುವ ಒಂದು ವಾಕ್ಯವನ್ನು ಒಪ್ಪಲಾರೆ: ನೀರು ವ್ಯರ್ಥವಾಗಿ ಕಡಲು ಸೇರುತ್ತಿದೆ ಎಂಬುದು. ವ್ಯರ್ಥವಾಗಿ ಕಡಲು ಸೇರಿದ ಆ ನೀರಿನಿಂದಲೇ ಕಗ್ಗದ ಗದ್ದೆಯ ಉಪ್ಪು ತೊಳೆಯುತ್ತದೆ, ಬಳಚು ಬಲಿಯುತ್ತದೆ, ಕಡಲಿನ ಎಷ್ಟೋ ಮೀನುಗಳ ಮರಿಗಳಿಗೆ ಬಾಲ್ಯ ಸಿಗುತ್ತದೆ. ಶರಾವತಿಯ ಅಳಿವೆಯನ್ನು ನೋಡಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಡಿಯದೆ ಬಿಟ್ಟ ಮರಿಮೀನೂ ಹಾಗೆಯೇ, ತಡೆಯದೆ ಬಿಟ್ಟ ನದಿಯೂ ಹಾಗೆಯೇ. ನಮ್ಮ ಲೆಕ್ಕದ ಪುಸ್ತಕದಲ್ಲಿ ನಷ್ಟದ ಕಲಮಿನಲ್ಲಿರುವ ಎರಡೂ ಕಡಲಿನ ಲೆಕ್ಕದಲ್ಲಿ ಬಂಡವಾಳ.

ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 14ನೆಯದು ಕಡಲಿನದು. ನಮ್ಮ ಕರಾವಳಿಯಲ್ಲಿ ಆ ಗುರಿಗೆ ಸಮ್ಮೇಳನ ಬೇಕಿಲ್ಲ, ಮಾಡಬೇಕಾದ್ದು ತಿಳಿದೇ ಇದೆ. ಟ್ರಾಲ್ ಬಲೆಯ ಬಾಲಕ್ಕೆ ಚೌಕ ಕಣ್ಣಿನ ಚೀಲ ಎಲ್ಲ ಬೋಟಿಗೂ ಒಂದೇ ದಿನ ಬರಬೇಕು. ಒಬ್ಬನಿಗೆ ಮಾತ್ರ ಬಂದರೆ ಮಲ್ಪೆಯ ಹಿರಿಯರ ಪ್ರಶ್ನೆ ಹಾಗೇ ಉಳಿಯುತ್ತದೆ. ಕೇರಳ ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್ ಎಂದು ಕನಿಷ್ಠ ಉದ್ದ ನಿಗದಿ ಮಾಡಿದೆ. ಹಾಗೆ ಬಂದರಿನಲ್ಲೇ ಅಳೆದು, ಅದಕ್ಕಿಂತ ಸಣ್ಣದು ಫಿಶ್‌ಮೀಲ್ ಕಾರ್ಖಾನೆಯ ಬಾಗಿಲು ದಾಟದಂತೆ ತಡೆಯಬೇಕು. 61 ದಿನ ಬೋಟು ಕಟ್ಟಿಹಾಕಿದವನ ಸಾಲದ ಕಂತಿಗೂ ಅಷ್ಟು ದಿನದ ಬಿಡುವು ಕೊಡಬೇಕು.

ಉಳಿದದ್ದು ತಿನ್ನುವವರ ಕೈಯಲ್ಲಿದೆ. ಮಂಗಳೂರಿನಲ್ಲಿರಲಿ, ಬೆಂಗಳೂರಿನಲ್ಲಿರಲಿ, ಮೀನಿನಂಗಡಿಯಲ್ಲಿ ಬೆರಳುದ್ದದ ಬಂಗುಡೆ, ಗೇಣುದ್ದದ ಅಂಜಲ್ ಅಗ್ಗಕ್ಕೆ ಸಿಕ್ಕರೆ ಕೊಳ್ಳಬೇಡಿ. ಜೂನ್, ಜುಲೈನಲ್ಲಿ ನಾಡದೋಣಿಯವರು ತಂದ ಮೀನಿಗೆ ಒಂದಿಷ್ಟು ಹೆಚ್ಚು ಕೊಡಬೇಕಾದರೂ ಚೌಕಾಸಿ ಮಾಡಬೇಡಿ. ಸಿಗದ ದಿನ ಒಣಮೀನು ಸಾಕು. ಸಣ್ಣದಕ್ಕೆ ಗಿರಾಕಿಯಿಲ್ಲದ ದಿನ ಬಲೆಯ ಕಣ್ಣು ತಾನಾಗಿ ದೊಡ್ಡದಾಗುತ್ತದೆ.